ಗೆರೆಗೆ ಮೊದಲು ಒಂದು ಚುಕ್ಕೆ

“ಮತ್ತೆ ಹನ್ನೊಂದು!”

ಮಾತು ತಾಳೆಯಕ್ಕನ ಬಾಯಿಂದ ತಾನಾಗಿ ಜಾರಿತು. ಎದುರಿನ ಬೆಂಚಿನಲ್ಲಿ ಉತ್ತರಪತ್ರಿಕೆಗಳ ಕಟ್ಟಿಗೆ ದಾರ ಸುತ್ತುತ್ತಿದ್ದ ಗಂಟಣ್ಣ ತಲೆಯೆತ್ತಿದ. ಇಪ್ಪತ್ತು ವರ್ಷ ಗಂಟು ಹಾಕಿ ಹಾಕಿ ಅವನಿಗೆ ಆ ಹೆಸರು ಬಂದಿತ್ತು. ಅಂಕ ಕೂಡಿಸಿ ತಾಳೆ ನೋಡಿ ನೋಡಿ ಅವಳಿಗೆ ಈ ಹೆಸರು.

“ಹನ್ನೊಂದಾ? ಎರಡೂವರೆ ಆಯ್ತಲ್ಲ ಅಕ್ಕ. ಉಂಡ ಮೇಲೆ ನಿಮಗೂ ಜೋಂಪು ಹತ್ತಿತಾ ಹೇಗೆ?”

“ಹೂಂ, ಹತ್ತಿತು. ನೀವು ದಾರ ನೋಡಿ. ಬೆರಳನ್ನೂ ಸೇರಿಸಿ ಕಟ್ಟಿಬಿಟ್ಟೀರಿ.”

ಅವನು ನಕ್ಕ. ಅವಳು ನಗಲಿಲ್ಲ. ಅಂಗೈಯನ್ನು ಪುಟದ ಮೇಲೆ ಹರಡಿ ಬೆರಳ ಸಂದಿಯಿಂದ ಮತ್ತೊಮ್ಮೆ ನೋಡಿದಳು.

ಕೆಂಪು ಮಸಿಯಲ್ಲಿ ಹದಿನೆಂಟು. ಅದರ ಮೇಲೆ ಹಸಿರು ಮಸಿಯ ಒಂದೇ ಒಂದು ಗೆರೆ. ಪಕ್ಕದಲ್ಲಿ ಹಸಿರಿನಲ್ಲೇ ಹನ್ನೊಂದು. ಕೆಳಗೆ ಬಾಲ ಸುತ್ತಿಕೊಂಡ ಕಿರುಸಹಿ.

ಮೂರು ದಿನಗಳಲ್ಲಿ ಇದು ಹತ್ತನೆಯದು. ಹತ್ತೂ ಪ್ರಬಂಧಗಳೇ, ಹತ್ತೂ ಚೆಂದದವೇ, ಹತ್ತೂ ಹನ್ನೊಂದಕ್ಕೇ ಇಳಿದವು. ಹತ್ತೂ ಮೂರನೇ ಮೇಜಿನಿಂದ ಬಂದವು.

ಮೂರನೇ ಮೇಜಿನ ಮುಖ್ಯಸ್ಥೆ ಅವಳ ಒಡಹುಟ್ಟಿದ ತಂಗಿ.

*

ಆ ಶಾಲೆಯ ಕಟ್ಟಡಕ್ಕೆ ವರ್ಷದಲ್ಲಿ ಹದಿನೈದು ದಿನ ಮಕ್ಕಳ ಬದಲು ಮೇಷ್ಟ್ರುಗಳು ಬರುತ್ತಿದ್ದರು. ದೇಶದ ಮೂಲೆಮೂಲೆಯಿಂದ ಬಂದ ಉತ್ತರಪತ್ರಿಕೆಗಳಿಂದ ಮಕ್ಕಳ ಹೆಸರಿನ ಚೀಟಿ ಹರಿದು ತೆಗೆದು, ಬರಿಯ ನಂಬರು ಉಳಿಸಿ, ಇಪ್ಪತ್ತೈದರ ಕಟ್ಟು ಕಟ್ಟಿ ಮೇಜುಗಳಿಗೆ ಹಂಚುತ್ತಿದ್ದರು. ಮೇಷ್ಟ್ರುಗಳಿಗೆ ಕೆಂಪು ಪೆನ್ನು, ಮೇಜಿನ ಮುಖ್ಯಸ್ಥರಿಗೆ ಹಸಿರು ಪೆನ್ನು. ಮುಖ್ಯಸ್ಥರು ಹತ್ತರಲ್ಲೊಂದನ್ನು ಮತ್ತೆ ಓದಬೇಕು. ಅಂಕ ಬದಲಿಸುವುದಾದರೆ ಒಂದೇ ಗೆರೆ ಎಳೆಯಬೇಕು, ಹಳೆಯ ಅಂಕ ಕಾಣುತ್ತಿರಬೇಕು, ಕಿರುಸಹಿ ಹಾಕಿ ಪುಸ್ತಕದಲ್ಲಿ ಬರೆಯಬೇಕು. ಬದಲಾಗುತ್ತಿದ್ದುದು ಅರ್ಧವೋ ಒಂದೋ. ಹಸಿರು ಪೆನ್ನಿನಲ್ಲಿ ಏಳೆಂಟು ಅಂಕ ಒಂದೇ ಏಟಿಗೆ ಹಾರಿಹೋದದ್ದನ್ನು ಅವಳು ಹಿಂದೆಂದೂ ಕಂಡಿರಲಿಲ್ಲ.

ಮೇಜಿನಲ್ಲಿ ಕೆಲಸ ಮುಗಿದ ಕಟ್ಟು ಶಿಬಿರದ ಕಚೇರಿಗೆ ಹೋಗಿ ದಾಖಲಾಗಿ, ಗಂಟೆ ಎರಡು ಗಂಟೆಯ ಮೇಲೆ ತಾಳೆಯ ಕೋಣೆಗೆ ಬರುತ್ತಿತ್ತು. ಅವಳು ಪುಟ ಪುಟದ ಅಂಕಗಳಿಗೂ ನೀಲಿ ಗುರುತು ಹಾಕಿ, ಕೂಡಿಸಿ, ಮೊದಲ ಪುಟದಲ್ಲಿ ಒಟ್ಟು ಬರೆಯುತ್ತಿದ್ದಳು. ಓದುವ ಕೆಲಸ ಅವಳದ್ದಲ್ಲ. ಓದಿದರೆ ಹೊತ್ತು ಹಾಳು ಎಂದು ನಿಯಮದಲ್ಲೇ ಹೆಚ್ಚುಕಡಿಮೆ ಬರೆದಿತ್ತು. ಅವಳು ಓದುತ್ತಿದ್ದಳು.

ಹದಿನೆಂಟೇ ಉಳಿದಿದ್ದರೆ ಈ ಮಗುವಿಗೆ ಒಟ್ಟು ತೊಂಬತ್ತೊಂದು. ಹನ್ನೊಂದಾದ್ದರಿಂದ ಎಂಬತ್ತನಾಲ್ಕು. ಎಂಬತ್ತೈದು ಬಂದ ಮಕ್ಕಳಿಗೆ ಮುಂದಿನ ಓದು, ವಸತಿ ಎರಡೂ ಪುಕ್ಕಟೆ. ಎಂಬತ್ತನಾಲ್ಕಕ್ಕೆ ಏನೂ ಇಲ್ಲ. ಇವತ್ತು ಸಂಜೆ ಐದಕ್ಕೆ ಅಂಕಪಟ್ಟಿಗೆ ಅರಗಿನ ಮುದ್ರೆ ಒತ್ತುತ್ತಾರೆ. ಅಲ್ಲಿಯವರೆಗೆ ಮೇಜಿನ ಮುಖ್ಯಸ್ಥರು ತಮ್ಮ ಮೇಜಿನ ಯಾವ ಪತ್ರಿಕೆಯನ್ನಾದರೂ ವಾಪಸ್ ಕೇಳಬಹುದು. ಮುದ್ರೆ ಬಿದ್ದ ಮೇಲೆ ಯಾರೂ ಕೇಳುವಂತಿಲ್ಲ.

ಅವಳು ಕೈಚೀಲದಿಂದ ಭೂತಗನ್ನಡಿ ತೆಗೆದಳು. ಹಸಿರು ಗೆರೆಯ ಎಡತುದಿಯಲ್ಲಿ ಸಾಸಿವೆಯಷ್ಟು ದಪ್ಪ ಚುಕ್ಕೆ. ತೆಗೆದಿಟ್ಟಿದ್ದ ಉಳಿದ ಒಂಬತ್ತರಲ್ಲೂ ಅದು ಇತ್ತು.

ಪೆನ್ನು ಊರಿದ ಕೈ ಕೂಡಲೇ ಎಳೆದಿಲ್ಲ. ಮಸಿ ಕಾಗದದೊಳಗೆ ಇಳಿಯುವಷ್ಟು ಹೊತ್ತು ನಿಂತಿದೆ. ಆಮೇಲೆ ಎಳೆದಿದೆ.

*

ಅವಳು ಅದೇ ಕಟ್ಟಿನ ಹದಿನೇಳನೇ ಪತ್ರಿಕೆಯನ್ನು ತೆಗೆದಳು. ಅದನ್ನು ಬರೆದದ್ದು ಯಾವ ಮಗುವೂ ಅಲ್ಲ. ಬರೆದವಳು ಅವಳೇ.

ಅದಕ್ಕೆ ಬೇಹು ಪತ್ರಿಕೆ ಎಂದು ಹೆಸರು. ಮೇಷ್ಟ್ರುಗಳ ಕೈ ಸಡಿಲಾಗಿದೆಯೋ ಬಿಗಿಯಾಗಿದೆಯೋ ನೋಡಲು, ಯೋಗ್ಯತೆ ಮೊದಲೇ ಗೊತ್ತಿರುವ ಉತ್ತರಗಳನ್ನು ಮಕ್ಕಳ ಕೈಬರಹದಲ್ಲಿ ನಕಲು ಮಾಡಿ ಕಟ್ಟಿನೊಳಗೆ ಸೇರಿಸಿಬಿಡುತ್ತಿದ್ದರು. ಒಂಬತ್ತು ವರ್ಷದಿಂದ ಆ ನಕಲಿನ ಕೆಲಸ ಅವಳದ್ದು. ಅಕ್ಷರ ಸೊಟ್ಟ ಮಾಡುವುದು, ಸಾಲು ಏರಿಸಿ ಇಳಿಸುವುದು, ಬೇಕೆಂದೇ ಒಂದು ಪದಕ್ಕೆ ಕಾಟು ಹಾಕುವುದು ಅವಳಿಗೆ ಕರತಲಾಮಲಕ. ಯಾವ ಕಟ್ಟು, ಯಾವ ನಂಬರು ಎಂಬುದು ನಕಲು ಮಾಡಿದವರಿಗೂ ಶಿಬಿರಾಧಿಕಾರಿಗೂ ಬಿಟ್ಟರೆ ಮೂರನೆಯವರಿಗೆ ಗೊತ್ತಿರಕೂಡದು.

ನಿನ್ನೆ ಸಂಜೆ, ಈ ಹನ್ನೊಂದುಗಳ ವಿಚಾರಣೆಯನ್ನು ಶಿಬಿರಾಧಿಕಾರಿ ತನಗೇ ಒಪ್ಪಿಸಿದಾಗ, ಅವಳೇ ಕೇಳಿದ್ದಳು: “ಸರ್, ಒಂದು ಬಲೆ ಹಾಕ್ಲಾ? ತುಂಬ ಒಳ್ಳೇ ಪ್ರಬಂಧ ಒಂದನ್ನ ಮೂರನೇ ಮೇಜಿಗೆ ಬಿಟ್ಟರೆ, ಕತ್ತರಿಸೋ ಕೈ ಸುಮ್ಮನಿರಲ್ಲ.”

“ಹಾಕಿ,” ಎಂದಿದ್ದರು ಸಾಹೇಬರು. “ನಂಬರು ಮಾತ್ರ ನನಗೆ ಕೊಟ್ಟಿರಿ. ನಿಯಮ ನಿಯಮವೇ.”

ಒಳ್ಳೆಯ ಪ್ರಬಂಧಕ್ಕೆ ಅವಳು ಎಲ್ಲೂ ಹುಡುಕಲಿಲ್ಲ. ಈ ವರ್ಷದ ಪ್ರಶ್ನೆ ‘ನಾನು ಬಲ್ಲ ಒಂದು ಕೆಲಸ’. ಇಪ್ಪತ್ತು ವರ್ಷದ ಹಿಂದೆ, ಸಂಜೆ ತರಗತಿಯಲ್ಲಿ ಓದಿ, ಇಪ್ಪತ್ತನಾಲ್ಕನೇ ವಯಸ್ಸಿಗೆ ಪರೀಕ್ಷೆಗೆ ಕೂತಾಗಲೂ ಅದೇ ಪ್ರಶ್ನೆ ಬಂದಿತ್ತು. ಹಗಲಿಡೀ ಇಸ್ತ್ರಿ ಅಂಗಡಿಯಲ್ಲಿ ನಿಲ್ಲುತ್ತಿದ್ದ ಅವಳು ಇಸ್ತ್ರಿಯ ಬಗ್ಗೆಯೇ ಬರೆದಿದ್ದಳು. ಇಪ್ಪತ್ತಕ್ಕೆ ಹನ್ನೊಂದು ಬಂದಿತ್ತು. ಎರಡೇ ಎರಡು ಅಂಕ ಸಾಲದೆ ಶಿಕ್ಷಕಿ ತರಬೇತಿಯ ಸೀಟು ಹೋಗಿತ್ತು. ಕೆಲವು ವರ್ಷದ ಮೇಲೆ ಅದೇ ತರಬೇತಿಗೆ, ಹಗಲು ಶಾಲೆಯಲ್ಲಿ ಓದಿದ ತಂಗಿ ಸಲೀಸಾಗಿ ಸೇರಿಕೊಂಡಿದ್ದಳು.

ಆ ಪ್ರಬಂಧ ಅವಳಿಗೆ ಇನ್ನೂ ಬಾಯಿಪಾಠ. ನಿನ್ನೆ ರಾತ್ರಿ ಅದನ್ನೇ ಸೊಟ್ಟ ಅಕ್ಷರದಲ್ಲಿ ಬರೆದು ಕಟ್ಟಿಗೆ ಸೇರಿಸಿದ್ದಳು.

ಈಗ ಪುಟ ತಿರುಗಿಸಿದಳು. ಕೆಂಪಿನಲ್ಲಿ ಹದಿನೆಂಟು. ಹಸಿರು ಗೆರೆ ಬಿದ್ದಿತ್ತು, ಆದರೆ ಪಕ್ಕದಲ್ಲಿದ್ದದ್ದು ಇಪ್ಪತ್ತು.

ಇಪ್ಪತ್ತಕ್ಕೆ ಇಪ್ಪತ್ತು. ತಂಗಿಯ ಕಿರುಸಹಿ. ಪುಸ್ತಕದಲ್ಲಿ ದಾಖಲಾದ ಕ್ರಮಸಂಖ್ಯೆ ಕೂಡ.

ಮೊದಲು ಅವಳ ಎದೆಯಲ್ಲಿ ಏನೋ ಬೆಚ್ಚಗೆ ಅರಳಿತು. ಮರುಕ್ಷಣವೇ ಅದು ಹುಳಿಯಾಯಿತು. ಗುರುತು ಹಿಡಿದಿದ್ದಾಳೆ! ಅಕ್ಕನ ಮಾತು, ಅಕ್ಕನ ಇಸ್ತ್ರಿ ಪೆಟ್ಟಿಗೆ. ಬಲೆ ಎಂದು ಗೊತ್ತಾಗಿ ನಾಜೂಕಾಗಿ ದಾಟಿಕೊಂಡಿದ್ದಾಳೆ. ಮೇಲಿಂದ ಎರಡು ಅಂಕ ಭಿಕ್ಷೆ ಬೇರೆ.

ಈ ಹಸಿರು ಗೆರೆಯ ತುದಿಯಲ್ಲಿ ಚುಕ್ಕೆ ಇರಲಿಲ್ಲ. ಅದು ಅವಳಿಗೆ ಕಂಡಿತು. ಕಂಡದ್ದನ್ನು ಮನಸ್ಸು ಒಳಗೆ ಬಿಟ್ಟುಕೊಳ್ಳಲಿಲ್ಲ.

*

ಶಿಬಿರಾಧಿಕಾರಿಗೆ ವರದಿ ಬರೆದು ಕೊಡುವ ಮೊದಲು ಹತ್ತನೆಯ ಪತ್ರಿಕೆಯನ್ನು ಒಮ್ಮೆ ಓದಬೇಕು ಎಂದುಕೊಂಡಳು. ಅನ್ಯಾಯವಾಗಿ ಒಬ್ಬರ ಮೇಲೆ ಹೇಳಬಾರದು. ನಿಜಕ್ಕೂ ಹನ್ನೊಂದಕ್ಕೇ ಲಾಯಕ್ಕಾದ ಬರಹವೋ ಏನೋ.

ಹಾಸಿಗೆ ಹಿಡಿದ ತಾತನ ತಲೆಗೂದಲು ಕತ್ತರಿಸುವುದನ್ನು ಕಲಿತ ಯಾವುದೋ ಮಗು ಬರೆದಿತ್ತು. “ತಾತ ಮಾತು ನಿಲ್ಲಿಸಿ ಒಂದು ವರ್ಷ. ಕಿವಿಯ ಹಿಂದೆ ಕತ್ತರಿ ಬಂದಾಗ ಮಾತ್ರ ಭುಜ ಕುಗ್ಗಿಸುತ್ತಾರೆ. ಅದಕ್ಕೇ ನಾನು ಅಲ್ಲಿ ಎರಡು ಸಲ ಕತ್ತರಿಸುತ್ತೇನೆ.”

ಅವಳು ಪುಟ ಮುಚ್ಚಿದಳು. ಮತ್ತೆ ತೆರೆದಳು.

ಅರ್ಧ ಅಂಕ ಕೊಡುವುದಕ್ಕೂ ಕೈ ಜಗ್ಗುವ ‘ಅರ್ಧ ಅಂಕದ ಮೇಷ್ಟ್ರು’ ಇದಕ್ಕೆ ಪೂರ್ತಿ ಹದಿನೆಂಟು ಇಟ್ಟಿದ್ದರು. ಏಕೆಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಹದಿನಾರು ವರ್ಷದ ಮಗುವಿಗೆ ಆ ಕೊನೆಯ ಸಾಲು ಹೇಗೆ ಸಿಕ್ಕಿತು? ಅವಳ ಇಸ್ತ್ರಿಯ ಪ್ರಬಂಧದಲ್ಲಿ ಅಂಥದೊಂದು ಸಾಲು ಇದೆಯೇ? ಇತ್ತೇ? ಹೊಟ್ಟೆಯ ತಳದಲ್ಲಿ ಒಂದು ಕೆಂಡ ಕಣ್ಣು ಬಿಟ್ಟಿತು. ಹೆಸರು ಗೊತ್ತಿಲ್ಲದ, ಮುಖ ಕಾಣದ ಮಗುವಿನ ಮೇಲೆ!

ಅವಳಿಗೆ ನಾಚಿಕೆಯಾಯಿತು. ನಾಚಿಕೆಯ ಜೊತೆಗೇ ಒಂದು ವಿಷಯ ಹೊಳೆಯಿತು. ಮೂರು ದಿನದಿಂದ ಅವಳನ್ನು ಕಾಡಿದ್ದ ಪ್ರಶ್ನೆ: ಯಾರ ಪತ್ರಿಕೆ ಎಂದೇ ತಿಳಿಯದ ಮೇಲೆ ಕತ್ತರಿಸಿ ಯಾರಿಗೇನು ಲಾಭ? ಲಾಭವೇ ಇಲ್ಲ. ಮಗು ಯಾರಾದರೇನು. ಬರಹ ಚೆನ್ನಾಗಿದ್ದದ್ದೇ ತಪ್ಪು. ಓದಿದವರು ಪೆನ್ನು ಊರಿ ನಿಂತಿದ್ದಾರೆ, ಈಗ ಅವಳು ನಿಂತ ಹಾಗೆ. ಆ ಚುಕ್ಕೆ ಹೊಟ್ಟೆಕಿಚ್ಚಿನದು.

ಹಾಗಾದರೆ ತಂಗಿಯೇ. ಚಿಕ್ಕಂದಿನಿಂದ ಎಲ್ಲದರಲ್ಲೂ ಮುಂದಿರಬೇಕಾದವಳು. ಕಿಟಕಿ ಪಕ್ಕದ ಜಾಗ ಅವಳಿಗೆ, ಮೆತ್ತೆ ಹಾಕಿದ ಕುರ್ಚಿ ಅವಳಿಗೆ, ಕಪ್ಪು-ಬಸಿಯಲ್ಲಿ ಚಹಾ ಅವಳಿಗೆ. ಉಳಿದವರಿಗೆಲ್ಲ ಕಾಗದದ ಲೋಟ. ಮನೆಯಲ್ಲೂ ಅಮ್ಮ ಬಲ್ಬು ಬದಲಿಸುವುದಿದ್ದರೂ “ಚಿಕ್ಕೋಳನ್ನ ಒಂದ್ಮಾತು ಕೇಳು” ಎನ್ನುತ್ತಿದ್ದಳು.

ತಾಳೆಯಕ್ಕ ಪತ್ರಿಕೆಗಳನ್ನು ಎದೆಗವಚಿಕೊಂಡು ಎದ್ದಳು.

*

“ಕೂತ್ಕೊಳ್ಳಿ,” ಎಂದರು ಶಿಬಿರಾಧಿಕಾರಿ. ಮೆತ್ತಗಿನ ದನಿಯ ಮನುಷ್ಯ. ಒಂದು ಪಕ್ಕದಲ್ಲಿ ದಾಖಲಾಗಬೇಕಾದ ಕಟ್ಟುಗಳು ಗೋಡೆಯಂತೆ ನಿಂತಿದ್ದವು. ಇನ್ನೊಂದು ಪಕ್ಕದ ಡಬ್ಬಿಯಲ್ಲಿ ಹಂಚುವ ಪೆನ್ನುಗಳು.

ಅವಳು ಹತ್ತನ್ನೂ ಜೋಡಿಸಿಟ್ಟಳು. ಅವರು ಕನ್ನಡಕ ಏರಿಸಿ ನೋಡಿದರು. ನಿಟ್ಟುಸಿರು ಬಿಟ್ಟರು.

“ನಿಮ್ಮ ತಂಗಿ ಅಂತ ಗೊತ್ತಿದ್ದೂ ನಿಮಗೇ ಈ ಕೆಲಸ ಒಪ್ಪಿಸಿದೆ. ಬೇಜಾರಿಲ್ಲ ತಾನೆ?”

“ಇಲ್ಲ ಸರ್.” ಇಲ್ಲವೇ? ಇತ್ತು. ಬೇಜಾರಿಗಿಂತ ದೊಡ್ಡದೊಂದು ಖುಷಿಯೂ ಇತ್ತು. ಅದರದೇ ಅವಳಿಗೆ ಭಯ.

“ಹಾಗಾದ್ರೆ ಬರೆದುಕೊಡಿ. ಅವಸರ ಬೇಡ. ಪೆನ್ನು ಊರಿ, ಒಂದು ಉಸಿರು ತಗೊಂಡು, ಆಮೇಲೆ ಬರೀರಿ. ಇದೇ ಕಟ್ಟಡದಲ್ಲಿ ಇಪ್ಪತ್ತಾರು ವರ್ಷ ಆಯ್ತು ನನಗೆ. ಕೆಂಪು ಪೆನ್ನಿಂದ ಹಸಿರಿಗೆ ಬಂದೆ, ಹಸಿರಿಂದ ಈ ಕುರ್ಚಿಗೆ. ಅವಸರ ಮಾಡಿ ಒಂದು ಅಕ್ಷರ ಬರೆದಿಲ್ಲ.”

ಅವಳು ಬರೆದಳು. ಹತ್ತು ನಂಬರು, ಹತ್ತು ಅಂಕ, ಕಿರುಸಹಿ ಮೂರನೇ ಮೇಜಿನದೆಂದು ತೋರುತ್ತದೆ ಎಂಬ ಮಾತು. ‘ತೋರುತ್ತದೆ’ಯನ್ನು ತೆಗೆಯಲೇ ಎಂದು ಎರಡು ಸಲ ಯೋಚಿಸಿ ಹಾಗೇ ಉಳಿಸಿದಳು. ಕೊನೆಗೆ ಇನ್ನೊಂದು ಸಾಲು. ಬರೆಯದಿದ್ದರೆ ನಡೆಯುತ್ತಿತ್ತು, ಆದರೆ ಕಂಡದ್ದನ್ನು ಬಿಟ್ಟು ಬರೆಯುವುದು ಅವಳಿಗೆ ಬಾರದು: ‘ಅದೇ ಕಟ್ಟಿನಲ್ಲಿದ್ದ ಬೇಹು ಪತ್ರಿಕೆಗೆ ಮಾತ್ರ ಕತ್ತರಿ ಬಿದ್ದಿಲ್ಲ; ಕಾರಣ ತಿಳಿದಿಲ್ಲ.’

ಸಾಹೇಬರು ಓದಿದರು. ಆ ಕೊನೆಯ ಸಾಲಿಗೆ ಬಂದಾಗ ಅವರ ಕಣ್ಣು ಸ್ವಲ್ಪ ಹೊತ್ತು ಅಲ್ಲೇ ಇತ್ತು.

“ಚೆನ್ನಾಗಿ ಬರೀತೀರಿ ನೀವು,” ಎಂದರು. “ಹೋಗಿ. ನಿಮ್ಮ ಪ್ರತಿ ಗಂಟಣ್ಣನ ಕೈಲಿ ಕಳಿಸ್ತೀನಿ.”

*

ಮೇಷ್ಟ್ರುಗಳೆಲ್ಲ ಚಹಾಕ್ಕೆ ಎದ್ದಿದ್ದರು. ದೊಡ್ಡ ಹಾಲಿನಲ್ಲಿ ಫ್ಯಾನುಗಳು ಖಾಲಿ ಬೆಂಚುಗಳ ಮೇಲೆ ತಿರುಗುತ್ತಿದ್ದವು. ಮೂರನೇ ಮೇಜಿನ ಕಿಟಕಿಯ ಬಳಿ ತಂಗಿ ಒಬ್ಬಳೇ ಕೂತು ಬಿಸ್ಕತ್ತು ಅದ್ದಿ ತಿನ್ನುತ್ತಿದ್ದಳು.

“ಬಾ ಅಕ್ಕ, ಕೂತ್ಕೋ.” ಎದ್ದು ತನ್ನ ಮೆತ್ತೆಯ ಕುರ್ಚಿಯನ್ನೇ ಸರಿಸಿದಳು.

“ಕೂರೋಕೆ ಬಂದಿಲ್ಲ.”

“ಮುಖ ನೋಡಿದ್ರೇ ಗೊತ್ತಾಗುತ್ತೆ. ಅಮ್ಮನ ಹತ್ರ ನನ್ನ ಮೇಲೆ ಚಾಡಿ ಹೇಳೋಕೆ ಹೊರಟಾಗ ಹೀಗೇ ಮೂಗು ಕೆಂಪಾಗ್ತಿತ್ತು.”

“ಈ ಸಲ ಅಮ್ಮನ ಹತ್ರ ಅಲ್ಲ ಹೇಳಿದ್ದು.”

ಬಿಸ್ಕತ್ತು ಮುರಿದು ಚಹಾದೊಳಗೆ ಬಿತ್ತು. ತಂಗಿ ಅದನ್ನು ತೆಗೆಯಲಿಲ್ಲ.

ತಾಳೆಯಕ್ಕ ಹತ್ತು ನಂಬರು ಬರೆದ ಚೀಟಿಯನ್ನು ಮೇಜಿನ ಮೇಲಿಟ್ಟಳು. “ಇವು ನಿನ್ನ ಪುಸ್ತಕದಲ್ಲಿವೆಯಾ ನೋಡು.”

ತಂಗಿ ಬೆರಳಿಟ್ಟು ಒಂದೊಂದೇ ಸಾಲು ನೋಡಿದಳು. “ಇಲ್ಲ. ಇದ್ಯಾವುದನ್ನೂ ನಾನು ಬಿಡಿಸಿಯೇ ಇಲ್ಲ.”

“ನಿನ್ನ ಕಿರುಸಹಿ ಇದೆ. ಹತ್ತಕ್ಕೂ ಹನ್ನೊಂದು ಮಾಡಿದೀಯ.”

“ನಾನಾ? ತೋರಿಸು.”

“ಕಚೇರಿಗೆ ಕೊಟ್ಟಾಯ್ತು. ವಿಚಾರಣೆ ನನಗೇ ಒಪ್ಪಿಸಿದಾರೆ.”

“ಓಹೋ! ತೀರ್ಪು ಬರೆದುಕೊಟ್ಟು ಆಮೇಲೆ ವಿಚಾರಣೆಗೆ ಬಂದಿದೀಯ. ಭೇಷ್.”

“ನಾಟಕ ಬೇಡ. ನಿನಗೆ ಯಾರೂ ನಿನಗಿಂತ ಚೆನ್ನಾಗಿ ಬರೀಬಾರದು. ಸಣ್ಣೋಳಿದ್ದಾಗಿಂದಲೂ ಅಷ್ಟೇ. ಎಲ್ಲಾ ನಿನಗೇ ಬೇಕು.”

“ಏನು ಕಿತ್ಕೊಂಡಿದೀನಿ ನಿನ್ನ ಹತ್ರ? ಹೇಳು.”

“ನಾನು ಇಸ್ತ್ರಿ ಮಾಡ್ತಾ ನಿಂತಿದ್ದಕ್ಕೆ ನೀನು ಹಗಲು ಹೊತ್ತು ಶಾಲೆಗೆ ಹೋದೆ!”

“ಹೌದು, ಹೋದೆ. ಅದನ್ನ ಮರೆತ ದಿನ ಒಂದಿದ್ರೆ ತೋರಿಸು. ನಿನ್ನ ಮುಖ ನೋಡಿದಾಗಲೆಲ್ಲ ಸಾಲಗಾರಳ ಥರ ತಲೆ ತಗ್ಗಿಸ್ಬೇಕು ನಾನು. ಒಂದು ಹೊಸ ಚಪ್ಪಲಿ ತಗೊಂಡ್ರೆ ಅಕ್ಕನಿಗೆ ಕಾಣದ ಹಾಗೆ ಮೆಟ್ಟಬೇಕು. ಈ ಮೆತ್ತೆ ನೋಡಿ ಎಷ್ಟು ದಿನ ಉರ್ಕೊಂಡಿದೀಯ, ನನಗೆ ಗೊತ್ತಿಲ್ವಾ? ಬೆನ್ನು ನೋವು ಅಂತ ನಮ್ಮ ಮನೆಯವರು ಕಳಿಸಿದ್ದು ಅದು. ತಗೊಂಡು ಹೋಗು!”

ಮೆತ್ತೆ ತಾಳೆಯಕ್ಕನ ಎದೆಗೆ ಬಂದು ಬಡಿಯಿತು. ಹತ್ತಿ ಒಂದು ಮೂಲೆಯಲ್ಲಿ ಗಟ್ಟಿಯಾಗಿ ಮುದ್ದೆಗಟ್ಟಿತ್ತು. ಅಂಥ ಸುಖದ್ದೇನೂ ಅಲ್ಲ.

ಅವಳು ಅದನ್ನು ಹಿಡಿದುಕೊಂಡೇ ಕೇಳಿದಳು: “ಹದಿನೇಳನೇ ಪತ್ರಿಕೆಗೆ ಇಪ್ಪತ್ತು ಯಾಕೆ ಕೊಟ್ಟೆ?”

ತಂಗಿ ಕಿಟಕಿಯ ಕಡೆ ತಿರುಗಿದಳು. “‘ಅಂಗಿಯ ಕಾಲರಿನಲ್ಲಿ ಮನುಷ್ಯನ ಇಡೀ ವಾರ ಕೂತಿರುತ್ತದೆ. ನಾನು ಅದನ್ನು ಓದಿದ ಮೇಲೆಯೇ ಅಳಿಸುವುದು,’” ಎಂದಳು, ಪಾಠ ಒಪ್ಪಿಸುವ ಹುಡುಗಿಯ ಹಾಗೆ. “ಒಂದೇ ಸಾಲಿಗೆ ಗೊತ್ತಾಯ್ತು. ಬೇಹು ಪತ್ರಿಕೆ ಅಂತಲೂ ಗೊತ್ತಾಯ್ತು. ಯಾವ ಮಗುವಿಗೂ ನಷ್ಟ ಇಲ್ಲವಲ್ಲ. ಇಪ್ಪತ್ತು ವರ್ಷದಿಂದ ಕೊಡಬೇಕು ಅನ್ಕೊಂಡಿದ್ದೆ, ಕೊಟ್ಟೆ.”

“ನಿನಗೆ ಆ ಸಾಲು ಹೇಗೆ...”

ತಂಗಿ ಚೀಲದಿಂದ ಪ್ಲಾಸ್ಟಿಕ್ ಹೊದಿಕೆಯ ಕಡತ ತೆಗೆದು, ಅದರ ಅಡಿಯಿಂದ ಹಳದಿಗಟ್ಟಿದ ನಾಲ್ಕು ಹಾಳೆ ಎಳೆದಳು. ಆಗ ಮರುಎಣಿಕೆಗೆ ಅರ್ಜಿ ಹಾಕಿ ತಾಳೆಯಕ್ಕ ತರಿಸಿಕೊಂಡಿದ್ದ ಅವಳದೇ ಉತ್ತರಪತ್ರಿಕೆಯ ಜೆರಾಕ್ಸ್ ಪ್ರತಿ. ಒಲೆಗೆ ಹಾಕಿ ಸುಟ್ಟೆ ಎಂದುಕೊಂಡಿದ್ದಳು.

“ನೀನು ಹಾಕಿ ಹೋದೆ. ಒಲೆ ಆರಿತ್ತು. ನಾನು ತೆಗೆದಿಟ್ಕೊಂಡೆ. ಪ್ರತಿ ವರ್ಷ ಈ ಮೇಜಿಗೆ ಕೂರುವಾಗ ಕಡತದಲ್ಲಿ ಇರುತ್ತೆ. ಹಸಿರು ಪೆನ್ನು ಎತ್ತಿದಾಗಲೆಲ್ಲ ಒಮ್ಮೆ ಮುಟ್ಟಿ ನೋಡ್ಕೋತೀನಿ. ಇಂಥದ್ದು ನನ್ನ ಕೈಯಿಂದ ಆಗದಿರಲಿ ಅಂತ.”

ತಾಳೆಯಕ್ಕ ಮೆತ್ತೆಯನ್ನು ಮೇಜಿನ ಮೇಲಿಟ್ಟಳು. ಆ ಹೊತ್ತಿನಲ್ಲೂ ಕೆಂಡ ಆರಲಿಲ್ಲ. ನನ್ನ ಸೋಲೂ ಇವಳದೇ ಆಗಿಹೋಯಿತಲ್ಲ. ಅದರಿಂದಲೂ ಇವಳೇ ಒಳ್ಳೆಯವಳಾದಳಲ್ಲ.

ಹಾಳೆ ಕೈಗೆ ತೆಗೆದುಕೊಂಡಳು. ಕಪ್ಪುಬಿಳುಪಿನ ಪ್ರತಿ, ಕೆಂಪೂ ಹಸಿರೂ ಅದರಲ್ಲಿ ಒಂದೇ. ಹತ್ತೊಂಬತ್ತು. ಅದರ ಮೇಲೊಂದು ಗೆರೆ. ಪಕ್ಕದಲ್ಲಿ ಹನ್ನೊಂದು. ಕಿರುಸಹಿ ಇರಲಿಲ್ಲ; ಮೊದಲು ಅಂಕ ಕೊಟ್ಟವರೇ 'ಅಯ್ಯೋ, ಹೆಚ್ಚಾಯಿತು' ಎಂದು ತಿದ್ದಿಕೊಂಡಿದ್ದಾರೆ ಎಂದೇ ಅವಳು ಆಗ ತಿಳಿದದ್ದು. ಗೆರೆಯ ತುದಿಯಲ್ಲಿ ಒಂದು ಕರಿ ಕಲೆಯೂ ಇತ್ತು. ಜೆರಾಕ್ಸ್ ಯಂತ್ರದ ಗಾಜಿನ ಮೇಲಿನ ಕಸ ಎಂದುಕೊಂಡಿದ್ದಳು.

ಭೂತಗನ್ನಡಿ ಹಿಡಿದಳು.

ಕಸವಲ್ಲ. ಸಾಸಿವೆಯಷ್ಟು ಚುಕ್ಕೆ. ಪೆನ್ನು ಊರಿ, ನಿಂತು, ಆಮೇಲೆ ಎಳೆದದ್ದು.

ಅವಳು ಕೊನೆಗೂ ಆ ಕುರ್ಚಿಯಲ್ಲಿ ಕೂತಳು.

“ನನ್ನ ಪರೀಕ್ಷೆಯ ವರ್ಷ ನಿನಗೆಷ್ಟು ವಯಸ್ಸು?”

“ಹದಿನೈದು. ಎರಡು ಜಡೆ. ಯಾಕೆ?”

“ಹಾಗಾದ್ರೆ ನೀನಲ್ಲ.”

“ಅಬ್ಬ! ದೊಡ್ಡ ಉಪಕಾರ ಆಯ್ತು,” ಎಂದಳು ತಂಗಿ. ಆದರೆ ಅಕ್ಕನ ಮುಖ ಕಂಡು ಅವಳ ನಗು ನಿಂತಿತು. “ಏನಕ್ಕ?”

“ಇದನ್ನ ಕತ್ತರಿಸಿದ ಕೈಯೇ ಆ ಹತ್ತನ್ನೂ ಕತ್ತರಿಸಿದೆ, ನಿನ್ನ ಕಿರುಸಹಿಯನ್ನೂ ನಕಲು ಮಾಡಿದೆ. ನಿನ್ನ ಗೆರೆಗೆ ಚುಕ್ಕೆ ಇಲ್ಲ. ಇವತ್ತು ಮಧ್ಯಾಹ್ನ ಆ ಕೈ ಒಂದು ಕಟ್ಟು ಪೂರ್ತಿ ಓದಿದೆ. ತಾತನ ಕೂದಲಿನ ಪ್ರಬಂಧ ಕಂಡಿದೆ, ಸಹಿಸೋಕೆ ಆಗದೆ ಕತ್ತರಿಸಿದೆ. ಅದೇ ಕಟ್ಟಿನಲ್ಲಿ ಇಪ್ಪತ್ತಕ್ಕೆ ಇಪ್ಪತ್ತು ಬಂದದ್ದನ್ನ ಮಾತ್ರ ಮುಟ್ಟಿಲ್ಲ. ಯಾಕೆ ಮುಟ್ಟಲಿಲ್ಲ?”

“ಬೇಹು ಪತ್ರಿಕೆ ಅಂತ ಗೊತ್ತಿತ್ತು.”

“ಯಾರಿಗೆ ಗೊತ್ತಿತ್ತು?”

ತಂಗಿ ಬೆರಳು ಮಡಿಸಿದಳು. “ಬರೆದ ನಿನಗೆ. ಓದಿ ಗುರುತು ಹಿಡಿದ ನನಗೆ. ಆಮೇಲೆ...” ಮೂರನೆಯ ಬೆರಳು ಅರ್ಧಕ್ಕೇ ನಿಂತಿತು.

ಕಟ್ಟು ಹೋಗುವುದು ಮೇಜಿನಿಂದ ಕಚೇರಿಗೆ, ಕಚೇರಿಯಿಂದ ತಾಳೆಗೆ ಎಂದು ಇಬ್ಬರಿಗೂ ಒಟ್ಟಿಗೇ ಹೊಳೆದಿರಬೇಕು. ಇಬ್ಬರೂ ಕಾರಿಡಾರಿನ ಕೊನೆಯಲ್ಲಿದ್ದ ಕಚೇರಿಯ ಬಾಗಿಲಿನ ಕಡೆ ನೋಡಿದರು. ಇಪ್ಪತ್ತಾರು ವರ್ಷ ಇದೇ ಕಟ್ಟಡದಲ್ಲಿ. ಕೆಂಪಿನಿಂದ ಹಸಿರಿಗೆ. ಪೆನ್ನು ಊರಿ, ಒಂದು ಉಸಿರು ತಗೊಂಡು.

“ಅಕ್ಕ,” ಎಂದಳು ತಂಗಿ ದನಿ ತಗ್ಗಿಸಿ, “ಇಷ್ಟು ಜನ ಇದ್ದರೂ ನನ್ನ ಮೇಲಿನ ವಿಚಾರಣೆಗೆ ನಿನ್ನನ್ನೇ ಯಾಕೆ ಆರಿಸಿದ್ರು, ಯೋಚಿಸಿದ್ಯಾ?”

ತಾಳೆಯಕ್ಕನಿಗೆ ಯೋಚಿಸಬೇಕಾಗಿರಲಿಲ್ಲ. ತನ್ನ ರೋಗವೇ ಇನ್ನೊಬ್ಬರಲ್ಲಿದ್ದರೆ ಗುರುತು ಹಿಡಿಯುವುದು ಎಷ್ಟು ಸುಲಭವೆಂದು ಅವಳಿಗೆ ಇವತ್ತು ಮಧ್ಯಾಹ್ನವೇ ತಿಳಿದಿತ್ತು. ಅವರು ಅವಳನ್ನು ನೋಡಿದ್ದಾರೆ. ಮೆತ್ತೆಯನ್ನು ಅವಳು ನೋಡುವುದನ್ನೂ ನೋಡಿದ್ದಾರೆ.

*

“ಇಲ್ಲಿದೀರಾ ಅಕ್ಕ! ಕಟ್ಟಡವೆಲ್ಲ ಸುತ್ತಿಬಂದೆ.” ಗಂಟಣ್ಣ ಏದುಸಿರು ಬಿಡುತ್ತ ಬಂದ. ಕೈಯಲ್ಲಿ ಒಂದು ಹಲಗೆ. ಹಲಗೆಗೆ ಸಿಕ್ಕಿಸಿದ ಕಾಗದ. ಕಾಗದದ ಮೇಲೆ ಹೊಚ್ಚಹೊಸ ಹಸಿರು ಪೆನ್ನು.

“ನಿಮ್ಮ ವರದಿ. ಸಾಹೇಬರು ಸಹಿ ಮಾಡಿದಾರೆ. ನೀವೂ ಮಾಡ್ಬೇಕಂತೆ.” ತಂಗಿಯ ಕಡೆ ನೋಡಿ ಅವನು ದನಿ ಇಳಿಸಿದ. “ಮೇಡಂ, ನಿಮ್ಮನ್ನ ಈಗಲೇ ಕೆಲಸದಿಂದ ಬಿಡಿಸಿದಾರಂತೆ. ನನ್ನ ಮೇಲೆ ಸಿಟ್ಟಾಗ್ಬೇಡಿ.”

ತಾಳೆಯಕ್ಕ ಓದಿದಳು. ಅವಳ ಅಕ್ಷರ, ಅವಳ ಮಾತು, ಅವಳ ‘ತೋರುತ್ತದೆ’. ಕೊನೆಯ ಸಾಲಿನ ಮೇಲೆ ಮಾತ್ರ ಹಸಿರು ಗೆರೆ ಬಿದ್ದಿತ್ತು. ಬೇಹು ಪತ್ರಿಕೆಗೆ ಮಾತ್ರ ಕತ್ತರಿ ಬಿದ್ದಿಲ್ಲ, ಕಾರಣ ತಿಳಿದಿಲ್ಲ. ಒಂದೇ ಗೆರೆ. ಹಳೆಯ ಮಾತು ಕಾಣುತ್ತಿರಬೇಕು ಎಂಬ ನಿಯಮದಂತೆ ಸರಿಯಾಗಿಯೇ ಎಳೆದಿದ್ದರು.

ಗೆರೆಯ ಎಡತುದಿಯಲ್ಲಿ ಸಾಸಿವೆಯಷ್ಟು ಚುಕ್ಕೆ.

ಅದರ ಕೆಳಗೆ ಎರಡು ಸಾಲಿನ ಆದೇಶ: ಮೂರನೇ ಮೇಜಿನ ಮುಖ್ಯಸ್ಥೆಯ ಸ್ಥಾನಕ್ಕೆ ಈ ಗಳಿಗೆಯಿಂದ ತಾಳೆ ವಿಭಾಗದ ಸಹಾಯಕಿಯನ್ನು ನೇಮಿಸಿದೆ. ಮೇಲಿನ ವರದಿಯನ್ನು ತಿದ್ದುಪಡಿ ಸಹಿತ ಒಪ್ಪಿ ಸಹಿ ಮಾಡತಕ್ಕದ್ದು.

“ಈ ಕುರ್ಚಿ ಇನ್ನು ನಿಮ್ಮದೇ ಅಂತೆ ಅಕ್ಕ,” ಎಂದ ಗಂಟಣ್ಣ. ಅವಳು ಆಗಲೇ ಅದರಲ್ಲಿ ಕೂತಿರುವುದನ್ನು ಕಂಡು ಕಣ್ಣು ತಪ್ಪಿಸಿದ.

“ಆ ಹತ್ತು ಪತ್ರಿಕೆ ಎಲ್ಲಿವೆ ಅಣ್ಣಾ?”

“ಸಾಹೇಬರ ಕಪಾಟಿನಲ್ಲಿ. ಬೀಗದ ಕೈ ಅವರ ಜೇಬಿನಲ್ಲಿ. ಮುದ್ರೆ ಒತ್ತಿದ ಮೇಲೆ ಹಳೇ ಕಾಗದದ ಜೊತೆ ಗಿರಣಿಗೆ ಕಳಿಸು ಅಂದ್ರು.”

ಹಾಲಿನ ಗಡಿಯಾರದಲ್ಲಿ ನಾಲ್ಕೂ ನಲವತ್ತು.

ತಂಗಿ ಮಂಡಿಯೂರಿ ಕುರ್ಚಿಯ ಪಕ್ಕ ಕೂತಳು, ಚಿಕ್ಕಂದಿನಲ್ಲಿ ಮಗ್ಗಿ ಕಲಿಯಲು ಕೂರುತ್ತಿದ್ದ ಹಾಗೆ. “ಸಹಿ ಹಾಕು ಅಕ್ಕ,” ಎಂದು ಪಿಸುಗುಟ್ಟಿದಳು. “ಹಾಕಿದ್ರೆ ಮೂರನೇ ಮೇಜು ನಿನ್ನದು. ಐದು ಗಂಟೆ ತನಕ ಆ ಹತ್ತನ್ನೂ ವಾಪಸ್ ಕೇಳೋ ಹಕ್ಕು ನಿನ್ನದು. ಅವರು ಇಲ್ಲ ಅನ್ನೋ ಹಾಗಿಲ್ಲ.”

“ಹಾಕಿದ್ರೆ ನಿನ್ನ ಮೇಲಿನ ಆರೋಪ ನಾನೇ ಒಪ್ಪಿದ ಹಾಗೆ. ಆ ಸಾಲನ್ನೂ ನಾನೇ ಹೊಡೆದುಹಾಕಿದ ಹಾಗೆ. ಆಮೇಲೆ ನಿನ್ನನ್ನ ಯಾರು ಎತ್ತುತ್ತಾರೆ?”

“ಅದನ್ನ ಆಮೇಲೆ ನೋಡೋಣ. ಮಕ್ಕಳದ್ದು ಈಗ.”

ಎಷ್ಟು ಸುಲಭವಾಗಿ ಹೇಳಿಬಿಟ್ಟಳು! ಇಲ್ಲೂ ಇವಳೇ ಮುಂದೆ.

ತಾಳೆಯಕ್ಕ ಹಸಿರು ಪೆನ್ನು ಎತ್ತಿಕೊಂಡಳು. ಇಪ್ಪತ್ತು ವರ್ಷ ಕನಸಿನಲ್ಲಿ ಹಿಡಿದ ಪೆನ್ನು. ಕೈಗೆ ಬಂದಾಗ ಅಷ್ಟೇನೂ ಭಾರವಿರಲಿಲ್ಲ. ಕಿಟಕಿಯಿಂದ ತಣ್ಣನೆಯ ಗಾಳಿ ಬರುತ್ತಿತ್ತು. ಈ ಕುರ್ಚಿಯಿಂದ ಹಾಲು ಪೂರ್ತಿ ಕಾಣುತ್ತಿತ್ತು. ಮಕ್ಕಳಿಗಾಗಿ ಹಾಕುತ್ತಿದ್ದೇನೆಯೇ, ಕುರ್ಚಿಗಾಗಿಯೇ ಎಂದು ತನ್ನನ್ನೇ ಕೇಳಿಕೊಂಡಳು.

ಕಾರಿಡಾರಿನ ಕೊನೆಯಲ್ಲಿ ಬಾಗಿಲು ತೆರೆದ ಸದ್ದು. ಅವಸರವಿಲ್ಲದ ಹೆಜ್ಜೆಗಳು ಇತ್ತಲೇ ಬರತೊಡಗಿದವು.

ಪೆನ್ನಿನ ತುದಿ ಕಾಗದಕ್ಕೆ ತಾಗಿತು. ಅಲ್ಲೇ ನಿಂತಿತು. ಅದರ ಕೆಳಗೆ, ಸಾಸಿವೆಯಷ್ಟು, ಹಸಿರು ಮೆಲ್ಲಗೆ ಹರಡಿಕೊಂಡಿತು.